ವಿಡಿಯೋ ಬೇಡ, ವಾಯ್ಸ್ ಕಳಿಸಿ

ಲಿಕೋಮಾ ದ್ವೀಪದಿಂದ ನಮಸ್ಕಾರ. ಆಫ್ರಿಕಾದ ಮಲಾವಿ ಸರೋವರದಲ್ಲಿರುವ ಪುಟ್ಟ ದ್ವೀಪ. ನೆಲ ಮಲಾವಿಯದು, ಸುತ್ತಲಿನ ನೀರು ಮೊಜಾಂಬಿಕ್‌ನದು! ಇಲ್ಲಿನ ಶಾಲೆಯೊಂದರಲ್ಲಿ ಸ್ವಯಂಸೇವಕಿಯಾಗಿ ಗಣಿತ ಹೇಳಿಕೊಡುತ್ತಿದ್ದೇನೆ.

ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ ಇದ್ದೇವೆ. ಊಟ ಮುಗಿಸಿ ರಾತ್ರಿ 8.30ಕ್ಕೆ ಫೋನ್ ಹಿಡಿದರೆ ಬೆಂಗಳೂರಲ್ಲಿ ಮಧ್ಯರಾತ್ರಿ. ವಿಡಿಯೋ ಕಾಲ್ ಮಾಡಿದರೆ "ಕೇಳಿಸ್ತಿದೆಯಾ?" ಅನ್ನುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಹಾಗಾಗಿ ಈಗ ಎಲ್ಲ ವಾಯ್ಸ್ ನೋಟ್.

ಬೆಳಿಗ್ಗೆ ದಡದಲ್ಲಿ ಹೆಂಗಸರು ಉಸಿಪಾ ಅನ್ನುವ ಸಣ್ಣ ಮೀನನ್ನು ಜೊಂಡಿನ ತಟ್ಟಿಗಳ ಮೇಲೆ ಹರಡುತ್ತಿರುತ್ತಾರೆ. ನಾನು ಅಲ್ಲೇ ಬಂಡೆ ಮೇಲೆ ಕೂತು ನಿಮ್ಮ ಮಾತು ಕೇಳುತ್ತೇನೆ. ಮೊನ್ನೆ ಗೆಳತಿಯೊಬ್ಬಳ ನೋಟ್‌ನಲ್ಲಿ ಕುಕ್ಕರ್ ಕೂಗಿತು. ಮಾತು ಅಲ್ಲಿಗೇ ಬಿಟ್ಟು, "ಎಷ್ಟಾಯ್ತು ಅತ್ತೆ, ಮೂರಾ?" ಅಂತ ಕೇಳಿದಳು. ಅವಳ ಪ್ರಮೋಷನ್ ಸುದ್ದಿಗಿಂತ ಅದೇ ಜಾಸ್ತಿ ಖುಷಿ ಕೊಟ್ಟಿತು.

ದೂರ ಇರುವವರಿಗೆ ಜನ ದೊಡ್ಡ ಸುದ್ದಿ ಮಾತ್ರ ಕೂಡಿಟ್ಟು ಹೇಳುತ್ತಾರೆ, ಅಲ್ವಾ? ಮದುವೆ, ಮನೆ, ಕೆಲಸ. ಆದರೆ ಅದೆಲ್ಲ ನೆಂಟರಿಗೂ ಗೊತ್ತಾಗುತ್ತದೆ. ಗೆಳೆತನ ನಡೆಯುವುದು ಸಣ್ಣಪುಟ್ಟ ಮಾತಿನ ಮೇಲೇ ಅಂತ ನನಗೆ ಅನಿಸುತ್ತದೆ. ನನ್ನ ಕಡೆಯಿಂದ ಒಂದು: ಇಲ್ಲಿನ ಮೆಕ್ಕೆಜೋಳದ ಮುದ್ದೆ, ನ್ಸೀಮಾ, ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಜೊತೆ ಸಖತ್ತಾಗಿರುತ್ತದೆ. ಬಾಟಲಿ ಮಾತ್ರ ಖಾಲಿಯಾಗುತ್ತಾ ಬಂದಿದೆ.

ಈಗ ನಿಮ್ಮ ಸರದಿ. ಟ್ರಾಫಿಕ್‌ನಲ್ಲಿ ಬೈದದ್ದು, ಪಕ್ಕದ ಮನೆ ಜಗಳ, ಏನಾದರೂ ಸರಿ, ಸುಮ್ನೆ ಕಳಿಸಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಮಾತ್ರ ಬೇಡ ಮಾರಾಯ್ರೆ, ಇಲ್ಲಿ ಡೇಟಾ ದುಬಾರಿ.