ಕತ್ತಿ ಕೊಡಲಿಲ್ಲ, ಏಪ್ರನ್ ಕೊಟ್ಟರು

ನೈಟ್ಸ್ ಆಫ್ ಕೊಲಂಬಸ್ ಸೇರ್ತಾ ಇದ್ದೇನೆ ಅಂತ ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ಹಾಗಾದ್ರೆ ನಿಮಗೂ ಕತ್ತಿ ಕೊಡ್ತಾರೇನ್ರೀ?"

ಅವಳ ತಪ್ಪಿಲ್ಲ. ಬಿಷಪ್ ಬಂದಾಗೆಲ್ಲ ನಮ್ಮ ಚರ್ಚಿನ ಬಾಗಿಲಲ್ಲಿ ಎರಡು ಸಾಲಾಗಿ ಕತ್ತಿ ಹಿಡಿದು ನಿಲ್ಲುವ ಈ ಸಂಘದ ಹಿರಿಯರನ್ನು ಅವಳು ನೋಡಿದ್ದಾಳೆ. ಮೊದಲಾದರೆ ಅವರಿಗೆ ಗರಿ ಸಿಕ್ಕಿಸಿದ ದೊಡ್ಡ ಟೋಪಿ, ಹೆಗಲ ಮೇಲೆ ನಿಲುವಂಗಿ ಎಲ್ಲ ಇರುತ್ತಿತ್ತು. 2019ರ ಹೊತ್ತಿಗೆ ಅದೆಲ್ಲ ಹೋಗಿ ನೀಲಿ ಬ್ಲೇಜರ್, ಕಪ್ಪು ಬೆರೆ ಟೋಪಿ ಬಂತು. ಗರಿ ಹೋಯಿತಲ್ಲ ಅಂತ ಗೊಣಗಿದವರೂ ಇದ್ದಾರೆ. ಆದರೆ ಕತ್ತಿ ಇರುವುದು ನಾಲ್ಕನೇ ಡಿಗ್ರಿಯವರಿಗೆ, ಅಂದರೆ ಸಂಘದ ಕೊನೆಯ ಮೆಟ್ಟಿಲು ಹತ್ತಿದವರಿಗೆ. ಹೊಸಬನಿಗೆ ಸಿಗುವುದು ಏನು ಅಂತ ಮುಂದೆ ಹೇಳ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕ್ಯಾಥೊಲಿಕ್ ಗಂಡಸರ ಸೇವಾ ಸಂಘ. 18 ವರ್ಷ ದಾಟಿರಬೇಕು, ಧರ್ಮವನ್ನು ಪಾಲಿಸುವ ಕ್ಯಾಥೊಲಿಕ್ ಆಗಿರಬೇಕು, ಅಷ್ಟೇ. ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ನಾವು ಈಗ ಇರುವ ರಾಜ್ಯದಲ್ಲೇ. ಈಗ 20 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ, ಕೆನಡಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಪೋಲೆಂಡ್ ಅಂತ ಬೇರೆ ದೇಶಗಳಲ್ಲೂ ಇದೆ. ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಯಾರಾದರೂ ಒಬ್ಬರು ಅರ್ಜಿ ಹಿಡಿದು ನಗುತ್ತಾ ನಿಂತಿರುತ್ತಾರೆ. ಮೂರು ವರ್ಷ ನಾನು ಅವರನ್ನು ಕಂಡ ತಕ್ಷಣ ಫೋನ್ ಬಂದವನ ಹಾಗೆ ನಟಿಸಿ ಪಾರ್ಕಿಂಗ್ ಕಡೆ ಓಡಿದ್ದೇನೆ.

ಓಡುವುದು ನಿಂತದ್ದು ಒಂದು ಚಳಿಗಾಲದಲ್ಲಿ. ನಮ್ಮ ಚರ್ಚಿನಲ್ಲಿ ಪ್ರತಿ ವಾರ ಬಾಗಿಲು ಹಿಡಿದು ಎಲ್ಲರನ್ನೂ ಮಾತಾಡಿಸುತ್ತಿದ್ದ ಅಜ್ಜ ಒಬ್ಬರು ತೀರಿಕೊಂಡರು. ಮನೆಯಲ್ಲಿ ಹೆಂಡತಿ ಒಬ್ಬರೇ, ಮಕ್ಕಳು ದೂರದ ಊರುಗಳಲ್ಲಿ. ಅದಾಗಿ ಮೂರೋ ನಾಲ್ಕೋ ದಿನಕ್ಕೆ ಜೋರು ಸ್ನೋ ಬಿತ್ತು. ನಾನು ಬೆಳಗ್ಗೆ ಆರು ಗಂಟೆಗೆ ಮುಂಚೆ ಅವರ ಮನೆ ಮುಂದಿನಿಂದ ಕೆಲಸಕ್ಕೆ ಹೋಗುವಾಗ ಇಬ್ಬರು ಗಂಡಸರು ಕತ್ತಲಲ್ಲೇ ಡ್ರೈವ್‌ವೇಯಲ್ಲಿ ಸಲಿಕೆ ಹಿಡಿದು ಹಿಮ ಎತ್ತಿ ಹಾಕುತ್ತಿದ್ದರು. ಒಬ್ಬರು, ಆ ಅರ್ಜಿ ಹಿಡಿದು ನಿಲ್ಲುವವರೇ. ಕಾರು ನಿಲ್ಲಿಸಿ, ಇಷ್ಟು ಬೇಗ ಬಂದಿದ್ದೀರಲ್ಲ ಅಂದೆ. "ಮಂಗಳವಾರ ನಂದು" ಅಂದರು, ಮತ್ತೆ ಸಲಿಕೆ ಎತ್ತಿದರು. ಆಮೇಲೆ ತಿಳಿಯಿತು, ಯಾರಿಗೆ ಯಾವ ದಿನ ಅಂತ ಪಟ್ಟಿ ಮಾಡಿಕೊಂಡು ಆ ಚಳಿಗಾಲ ಪೂರ್ತಿ ನಡೆಸಿದ್ದರು. ಚರ್ಚಿನಲ್ಲಿ ಅದನ್ನು ಯಾರೂ ಪ್ರಕಟಣೆಯಲ್ಲಿ ಓದಲಿಲ್ಲ.

ಅವತ್ತು ರಾತ್ರಿ ಕೂತು ಈ ಸಂಘದ ಕತೆ ಓದಿದೆ. ಓದಿದರೆ ಶುರುವಾಗಿದ್ದೇ ಗಂಡ ಸತ್ತ ಮನೆಗಳಿಂದ.

ಮೈಕಲ್ ಮೆಕ್‌ಗಿವ್ನಿ ಅಂತ ಫಾದರ್. ಐರ್ಲೆಂಡಿನಿಂದ ವಲಸೆ ಬಂದವರ ಮಗ, ದೊಡ್ಡ ಸಂಸಾರದ ಹಿರಿಮಗ. ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದಾಗ, 1873ರಲ್ಲಿ, ಅಪ್ಪ ತೀರಿಕೊಂಡರು, ಓದು ಬಿಟ್ಟು ಮನೆಗೆ ಬರಬೇಕಾಯಿತು. ಹೇಗೋ ಮತ್ತೆ ಓದು ಹಿಡಿದು 1877ರಲ್ಲಿ ಗುರುದೀಕ್ಷೆ ಪಡೆದು ನ್ಯೂ ಹೇವನ್‌ನ ಸೇಂಟ್ ಮೇರಿಸ್ ಚರ್ಚಿಗೆ ಬಂದರು. ಅಲ್ಲಿ ನೋಡಿದ್ದೂ ಅದೇ. ಕಾರ್ಖಾನೆಯಲ್ಲಿ ದುಡಿಯುವ ಐರಿಷ್ ಗಂಡಸರು ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ದುಡಿಯುವವನು ಹೋದ ಮೇಲೆ ಮಕ್ಕಳನ್ನು ಸಾಕುವ ದಾರಿ ಇದೆ ಅಂತ ಕೋರ್ಟಿಗೆ ತೋರಿಸಬೇಕಿತ್ತು, ಇಲ್ಲದಿದ್ದರೆ ಸಂಸಾರವೇ ಚೆಲ್ಲಾಪಿಲ್ಲಿ. ಹಾಗೆ ಅಪ್ಪನನ್ನು ಕಳೆದುಕೊಂಡ ಒಬ್ಬ ಹುಡುಗನಿಗೆ ಮೆಕ್‌ಗಿವ್ನಿ ತಾವೇ ಕೋರ್ಟಿನಲ್ಲಿ ಪೋಷಕರಾಗಿ ನಿಂತರು. ಎಷ್ಟು ಮನೆಗೆ ಒಬ್ಬರೇ ನಿಲ್ಲೋಕಾಗುತ್ತೆ ಹೇಳಿ? 1881ರ ಅಕ್ಟೋಬರ್ 2ರಂದು ಚರ್ಚಿನ ನೆಲಮಾಳಿಗೆಯಲ್ಲಿ ಒಂದಷ್ಟು ಗಂಡಸರನ್ನು ಕೂರಿಸಿಕೊಂಡು ಮಾತಾಡಿದರು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕೋಣ, ನಮ್ಮಲ್ಲಿ ಒಬ್ಬ ಸತ್ತರೆ ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಅನ್ನುವುದು ಲೆಕ್ಕಾಚಾರ. 1882ರ ಮಾರ್ಚ್ 29ರಂದು ಸರ್ಕಾರದಲ್ಲಿ ನೋಂದಣಿ ಆಯಿತು. ಆಗ ಅವರಿಗೆ 29 ವರ್ಷ. 38 ತುಂಬಿ ಎರಡು ದಿನಕ್ಕೆ, 1890ರ ಆಗಸ್ಟ್ 14ರಂದು, ನ್ಯುಮೋನಿಯಾದಿಂದ ಹೋಗಿಬಿಟ್ಟರು. 2020ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು, ಸಂತ ಪದವಿಗೆ ಹಿಂದಿನ ಮೆಟ್ಟಿಲು ಅದು. ಸಮಾಧಿ ಅದೇ ಚರ್ಚಿನೊಳಗೆ ಇದೆ. ನಾನು ಅರ್ಜಿ ತುಂಬುವ ಮೊದಲು ಒಂದು ಶನಿವಾರ ಹೋಗಿ ಸುಮ್ನೆ ಸ್ವಲ್ಪ ಹೊತ್ತು ಕೂತು ಬಂದೆ.

ಹೆಸರಿನ ವಿಷಯಕ್ಕೆ ಬರ್ತೇನೆ, ಯಾಕಂದರೆ ಮನೆಯಲ್ಲಿ ಜಗಳ ಆದದ್ದೇ ಅದಕ್ಕೆ. ಆಗ ಅಮೆರಿಕದಲ್ಲಿ ಕ್ಯಾಥೊಲಿಕರನ್ನು ಹೊರಗಿನವರು, ಪೋಪ್‌ನ ಆಳುಗಳು ಅಂತ ನೋಡುತ್ತಿದ್ದರು. ಈ ನೆಲಕ್ಕೆ ಮೊದಲು ಬಂದವನೇ ನಮ್ಮವನು, ಕ್ಯಾಥೊಲಿಕ್ ಅಂತ ಎದೆ ತಟ್ಟಿ ಹೇಳಿಕೊಳ್ಳಲು ಕೊಲಂಬಸ್ ಹೆಸರು ಇಟ್ಟರು. ಈಗ ಒಂಬತ್ತನೇ ಕ್ಲಾಸಿನ ನನ್ನ ಮಗ, "ಅಪ್ಪಾ, ಅವನು ಇಲ್ಲಿನ ಮೂಲ ಜನರಿಗೆ ಮಾಡಿದ ಅನ್ಯಾಯ ಗೊತ್ತಿದ್ದೂ ಸೇರ್ತೀರಾ?" ಅಂತಾನೆ. ಗೊತ್ತಿದೆ. ಈ ಹೆಸರು ನನಗೂ ಇಷ್ಟ ಇಲ್ಲ, ಇವತ್ತು ಇಡುವುದಾದರೆ ಯಾರೂ ಇಡುತ್ತಿರಲಿಲ್ಲ ಅಂತ ಅವನಿಗೆ ಹೇಳಿದೆ, ಅವನಿಗೆ ಅಷ್ಟು ಸಾಲಲಿಲ್ಲ. ಇನ್ನು ಇಂಡಿಯಾ ಹುಡುಕಿ ಹೊರಟು ದಾರಿ ತಪ್ಪಿದವನ ಸಂಘಕ್ಕೆ ಕೊನೆಗೂ ಒಬ್ಬ ಇಂಡಿಯನ್ ಸಿಕ್ಕಿದ ಅನ್ನುವ ಜೋಕನ್ನು ಮೊದಲ ದಿನವೇ ನಾಲ್ಕು ಜನ ಹೇಳಿದರು. ನಾಲ್ಕು ಸಲವೂ ನಕ್ಕೆ.

ನಿಜವಾಗಿ ನನ್ನನ್ನು ಕಾಡಿದ್ದು ಇನ್ನೊಂದು. 1909ರಲ್ಲಿ ಅಲಬಾಮಾದ ಮೊಬೈಲ್ ಊರಿನಲ್ಲಿ ಕಪ್ಪು ಕ್ಯಾಥೊಲಿಕರಿಗಾಗಿ ನೈಟ್ಸ್ ಆಫ್ ಪೀಟರ್ ಕ್ಲೇವರ್ ಅಂತ ಬೇರೆಯೇ ಸಂಘ ಕಟ್ಟಬೇಕಾಯಿತು, ಇಲ್ಲಿ ಅವರನ್ನು ಹೆಚ್ಚಿನ ಕಡೆ ಸೇರಿಸಿಕೊಳ್ಳುತ್ತಿರಲಿಲ್ಲ. ಹೊಸಬನ ಅರ್ಜಿಗೆ ಬೆರಳೆಣಿಕೆಯಷ್ಟು ಜನ ಬೇಡ ಅಂದರೂ ಅವನು ಹೊರಗೆ, ಹಾಗಿತ್ತು ನಿಯಮ. ಅದನ್ನು ಸಡಿಲಿಸಿದ್ದು 1964ರಲ್ಲಿ. ಅಂದರೆ ನನ್ನ ಪಕ್ಕದಲ್ಲಿ ಕೂರುವ ಕೆಲವರು ಆಗಲೇ ಹುಟ್ಟಿ ಓಡಾಡುತ್ತಿದ್ದರು. ಈ ಮೈಬಣ್ಣ ಹೊತ್ತು ಹೋಗುವವನು ಇದನ್ನು ತಿಳಿದುಕೊಂಡೇ ಹೋಗಬೇಕು ಅಂತ ನನಗನ್ನಿಸಿತು, ತಿಳಿದುಕೊಂಡೇ ಹೋದೆ.

ಸೇರುವುದು ಮಾತ್ರ ಸುಲಭ. ಫಾರ್ಮ್ 100 ಅಂತ ಒಂದು ಅರ್ಜಿ, ಈಗ ಆನ್‌ಲೈನ್‌ನಲ್ಲೂ ಸೇರಬಹುದು. ನಮ್ಮ ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ಶಾಖೆಯಲ್ಲಿ, ಚಂದಾ ವರ್ಷಕ್ಕೆ 36 ಡಾಲರ್. ಇಬ್ಬರು ಕೂತು ಪೂಜೆಗೆ ಹೋಗ್ತೀರಾ, ಯಾಕೆ ಸೇರ್ತೀರಾ ಅಂತ ಕೇಳಿದರು. ಹಿಮದ ಕತೆ ಹೇಳಿದೆ, ಒಬ್ಬರು ಸುಮ್ಮನೆ ಕೆಳಗೆ ನೋಡಿದರು. ಆಮೇಲೆ ದೀಕ್ಷೆಯ ಕಾರ್ಯಕ್ರಮ. ಹಿಂದೆ ದಾನ, ಐಕ್ಯ, ಸೋದರತ್ವ ಅಂತ ಮೂರು ಡಿಗ್ರಿ ಬೇರೆ ಬೇರೆ, ಅದೂ ಬಾಗಿಲು ಹಾಕಿಕೊಂಡು ಗುಟ್ಟಾಗಿ. 2020ರಿಂದ ಮೂರನ್ನೂ ಸೇರಿಸಿ ಒಂದೇ ಸಲ, ಎಲ್ಲರ ಎದುರಿಗೇ ಮಾಡಬಹುದು ಅಂತ ಬದಲಾಯಿಸಿದರು. ಹಾಗಾಗಿ ಹೆಂಡತಿ ಮಕ್ಕಳು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಒಂದು ಜಪಮಾಲೆ ಕೊಟ್ಟರು. ನಾಲ್ಕನೆಯದು ದೇಶಪ್ರೇಮ, ಕತ್ತಿಯ ಡಿಗ್ರಿ. ಅದಕ್ಕೆ ನನಗೆ ಇನ್ನೂ ಆಸೆ ಹುಟ್ಟಿಲ್ಲ.

ಮೀಟಿಂಗ್ ತಿಂಗಳಿಗೊಮ್ಮೆ. ಹುದ್ದೆಗಳ ಹೆಸರು ಕೇಳಿದರೆ ಯಾವುದೋ ಅರಮನೆಗೆ ಬಂದೆವೇನೋ ಅನ್ನಿಸಬೇಕು, ಗ್ರ್ಯಾಂಡ್ ನೈಟ್, ಚಾನ್ಸಲರ್, ವಾರ್ಡನ್, ಬಾಗಿಲ ಒಳಗೆ ಒಬ್ಬ ಗಾರ್ಡ್, ಹೊರಗೆ ಒಬ್ಬ ಗಾರ್ಡ್. ನಮ್ಮ ಗ್ರ್ಯಾಂಡ್ ನೈಟ್, ಅಂದರೆ ಶಾಖೆಯ ಮುಖ್ಯಸ್ಥರು, ರಿಟೈರ್ ಆದ ಪ್ಲಂಬರ್. ಮೊದಲು ಪ್ರಾರ್ಥನೆ, ಆಮೇಲೆ ಅಮೆರಿಕದ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ. ನಾನಿನ್ನೂ ಗ್ರೀನ್ ಕಾರ್ಡಿನವನು, ಎದ್ದು ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ. ಆ ಪ್ರತಿಜ್ಞೆಯಲ್ಲಿ ದೇವರ ಹೆಸರು ಬರುವ ಎರಡು ಪದಗಳನ್ನು 1954ರಲ್ಲಿ ಸೇರಿಸುವಂತೆ ಒತ್ತಾಯ ಮಾಡಿದವರಲ್ಲಿ ಇದೇ ಸಂಘದವರು ಮುಂಚೂಣಿಯಲ್ಲಿದ್ದರಂತೆ, ಆ ಪದ ಬಂದಾಗ ಹಿರಿಯರ ದನಿ ಒಂಚೂರು ಏರುತ್ತದೆ. ನಂತರ ಮೀನು ಕರಿಯುವ ಎಣ್ಣೆ ಎಲ್ಲಿಂದ ತರಬೇಕು ಅನ್ನುವುದಕ್ಕೆ ಮುಕ್ಕಾಲು ಗಂಟೆ ವಾದ. ಬೋರ್ ಆಗುತ್ತೆ, ಸುಳ್ಳು ಹೇಳಲ್ಲ. ಕೊನೆಗೆ 'ಗುಡ್ ಆಫ್ ದಿ ಆರ್ಡರ್' ಅಂತ ಒಂದು ಭಾಗ ಬರುತ್ತದೆ, ಯಾರಿಗೆ ಹುಷಾರಿಲ್ಲ, ಯಾರಿಗೆ ಆಪರೇಷನ್, ಯಾರ ಮನೆಯಲ್ಲಿ ಸಾವು ಅಂತ ಒಬ್ಬೊಬ್ಬರೂ ಹೆಸರು ಹೇಳುತ್ತಾರೆ, ಎಲ್ಲರೂ ಪ್ರಾರ್ಥಿಸುತ್ತಾರೆ. ಸಲಿಕೆಯ ಪಟ್ಟಿ ಹುಟ್ಟುವುದು ಅಲ್ಲಿ.

ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಹೌದು, ನೆಲಮಾಳಿಗೆಯ ಆ ಚಿಲ್ಲರೆ ದುಡ್ಡು ಇವತ್ತು 10,000 ಕೋಟಿ ಡಾಲರಿಗೂ ಮೀರಿದ ಜೀವವಿಮೆ ಆಗಿದೆ. ಸದಸ್ಯನಾದ ಮೇಲೆ ಏಜೆಂಟ್ ಬರುತ್ತಾರೆ. ನಮ್ಮ ಮನೆಗೂ ಬಂದರು, ಕಾಫಿ ಕುಡಿದು ಬೇಸ್‌ಬಾಲ್ ಮಾತಾಡಿ ಹೋದರು. ಕೊಳ್ಳಲೇಬೇಕು ಅಂತಿಲ್ಲ, ನಾನು ಕೊಂಡಿಲ್ಲ.

ಈಗ ಏಪ್ರನ್ ವಿಷಯ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ (ಲೆಂಟ್) ಶುಕ್ರವಾರಗಳಲ್ಲಿ ಮಾಂಸ ತಿನ್ನುವಂತಿಲ್ಲವಲ್ಲ, ಅದಕ್ಕೆ ಇಲ್ಲಿನ ಎಷ್ಟೋ ಚರ್ಚುಗಳಲ್ಲಿ ನೈಟ್ಸ್‌ನವರು ಮೀನು ಕರಿದು ಊರಿಗೆಲ್ಲ ಬಡಿಸಿ, ಬಂದ ದುಡ್ಡಿನಲ್ಲಿ ಬಡ ಮಕ್ಕಳಿಗೆ ಚಳಿಗಾಲದ ಕೋಟು, ಆಹಾರದ ಚೀಲ ಅಂತ ಖರ್ಚು ಮಾಡುತ್ತಾರೆ. ಹೊಸಬನಾದ ನನಗೂ ಒಂದು ಏಪ್ರನ್ ಕೊಟ್ಟರು, ಅದನ್ನು ಕಟ್ಟಿಕೊಂಡು ದೊಡ್ಡ ಬಾಣಸಿಗನ ಥರ ಮೀನು ಕರಿಯಲು ನಿಂತೆ. ಫ್ರೀಜರಿನಿಂದ ತೆಗೆದದ್ದನ್ನು ಹಾಗೇ, ಮಂಜಿನ ಪುಡಿ ಅಂಟಿಕೊಂಡಿದ್ದಾಗಲೇ, ಕುದಿಯುವ ಎಣ್ಣೆಗೆ ಬಿಟ್ಟೆ. ಎಣ್ಣೆ ಉಕ್ಕಿ ನೆಲಕ್ಕೆಲ್ಲ ಹರಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗ್ರ್ಯಾಂಡ್ ನೈಟ್ ಬಯ್ಯಲಿಲ್ಲ, ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗಿ ಪಾತ್ರೆ ತೊಳೆಯುವ ಸಿಂಕಿನ ಮುಂದೆ ನಿಲ್ಲಿಸಿದರು. ಉಳಿದ ಶುಕ್ರವಾರಗಳೆಲ್ಲ ಅಲ್ಲೇ.

ಅಲ್ಲಿ ನನ್ನ ಜೊತೆ ಒಬ್ಬರು, 74 ವರ್ಷ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ನಾನು ಉಜ್ಜುವುದು, ಅವರು ಒರೆಸುವುದು. ಮೊದಲ ಎರಡು ವಾರ ನಾವು ಆಡಿದ್ದು ಹತ್ತು ಮಾತು ಇರಬಹುದು. ಮೂರನೇ ವಾರ ತಟ್ಟೆ ಒರೆಸುತ್ತಾ, ನನ್ನ ಮುಖ ನೋಡದೆ, ತಮ್ಮ ಹೆಂಡತಿಗೆ ಮರೆವು ಶುರುವಾಗಿದೆ, ಬೆಳಗ್ಗೆ ತಮ್ಮನ್ನೇ ಯಾರು ಅಂತ ಕೇಳಿದಳು ಅಂದರು. ನಾನು ಏನು ಹೇಳಲಿ, ಮುಂದಿನ ತಟ್ಟೆ ಕೊಟ್ಟೆ. ಎದುರು ಬದುರು ಕೂತು ಕಾಫಿ ಕುಡಿಯುತ್ತಿದ್ದರೆ ಅವರು ಅದನ್ನು ಹೇಳುತ್ತಿದ್ದರು ಅಂತ ನನಗನ್ನಿಸುವುದಿಲ್ಲ. ಈ ದೇಶಕ್ಕೆ ಬಂದ ಇಷ್ಟು ವರ್ಷದಲ್ಲಿ ಆಫೀಸಿನ ಹೊರಗೆ ನನಗೊಬ್ಬ ಗೆಳೆಯ ಸಿಕ್ಕಿದ್ದು ಹೀಗೆ, ನನಗಿಂತ ಮೂವತ್ತು ವರ್ಷ ದೊಡ್ಡವರು.

ಹೋದ ತಿಂಗಳ ಮೀಟಿಂಗಿನಲ್ಲಿ ಅವರ ಹೆಂಡತಿಯ ಹೆಸರು ಬಂತು. ಈಗ ಅವರನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಹಿಮ ಎತ್ತಲು ಹದಿನೈದು ನಿಮಿಷ ಹೋದರೂ ಕಷ್ಟ. ಪಟ್ಟಿ ಸುತ್ತಿ ಬಂತು. ನನಗೆ ಗುರುವಾರ. ಗಟ್ಟಿ ಸಲಿಕೆ ಒಂದು ತಂದಿಟ್ಟಿದ್ದೇನೆ, ಅಲಾರಾಂ ಐದೂಕಾಲಿಗೆ. ಮಗನೂ ಬರ್ತೀನಿ ಅಂದಿದ್ದಾನೆ, ಏಳ್ತಾನೋ ಇಲ್ಲವೋ ನೋಡಬೇಕು.