ಪೆನ್ಸಿಲ್ ಹಿಡಿಸುವ ಪುಸ್ತಕಗಳು

2024 ಜುಲೈ 21, ಭಾನುವಾರ
ಮಡಿಕೇರಿ

ಬೆಳಿಗ್ಗೆ ಮಳೆ ಪುಸ್ತಕದಲ್ಲಿ ಮೂರು ಇಂಚು ನಲವತ್ತು ಸೆಂಟ್ ಎಂದು ಬರೆದ ಮೇಲೆ ತೋಟಕ್ಕೆ ಹೋಗುವ ಮಾತೇ ಇರಲಿಲ್ಲ. ಗಣಿತಜ್ಞ ಫರ್ಮಾನ ಕೊನೆಯ ಪ್ರಮೇಯದ ಕುರಿತು ಸೈಮನ್ ಸಿಂಗ್ 1997ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದಿ ಮುಗಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಎರಡನೆಯ ಸಲಕ್ಕೆ ದಾಟಿದ ನನ್ನಂಥವಳನ್ನೂ ಅದು ಪತ್ತೇದಾರಿ ಕಥೆಯಂತೆ ಓದಿಸಿಕೊಂಡಿತು. ಆದರೆ ಊಟದ ಹೊತ್ತಿಗೆ ಭಾವ, "ಅಂಥದ್ದೇನು ಸಾಧಿಸಿದರಂತೆ?" ಎಂದು ಕೇಳಿದಾಗ, ಆ ಪ್ರಮೇಯವನ್ನು ಸಾಧಿಸಿದ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಏಳು ವರ್ಷ ಗುಟ್ಟಾಗಿ ದುಡಿದು, 1993ರಲ್ಲಿ ಘೋಷಿಸಿ, ತಪ್ಪು ಕಂಡು, ಮರುವರ್ಷ ಸರಿಪಡಿಸಿದ ಕಥೆಯನ್ನು ಹೇಳಿದೆನೇ ಹೊರತು ಆ ಸಾಧನೆಯ ಗಣಿತದ ಬಗ್ಗೆ ಬಾಯಿಯೇ ಬರಲಿಲ್ಲ. ಬಾಯಿಗೆ ಬಂದದ್ದು ನಾನೇ ಪೆನ್ಸಿಲ್ ಹಿಡಿದು ನೋಡಿದ್ದಷ್ಟೇ: ಮೂರರ ವರ್ಗಕ್ಕೆ ನಾಲ್ಕರ ವರ್ಗವನ್ನು ಕೂಡಿಸಿದರೆ ಐದರ ವರ್ಗ ಬರುತ್ತದೆ, ಆದರೆ ಘನಗಳಲ್ಲಿ ಅಂಥ ಪೂರ್ಣಸಂಖ್ಯೆಗಳ ಜೋಡಿ ಸಿಗುವುದೇ ಇಲ್ಲ; ಅದಕ್ಕೂ ಮೇಲಿನ ಯಾವ ಘಾತದಲ್ಲೂ ಸಿಗದೆಂಬುದೇ ಆ ಪ್ರಮೇಯ.

ಒಂದೊಂದು ಸಮೀಕರಣಕ್ಕೂ ಮಾರಾಟ ಅರ್ಧಕ್ಕಿಳಿಯುತ್ತದೆಂದು ತಮಗೆ ಎಚ್ಚರಿಕೆ ಬಂದಿತ್ತೆಂದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1988ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಪ್ರಕಾಶಕರ ಲೆಕ್ಕ ಸರಿಯಿರಬಹುದು. ಆದರೂ ಸಾಮಾನ್ಯ ಓದುಗರಿಗೆಂದು ಲೆಕ್ಕವನ್ನೆಲ್ಲ ತೆಗೆದುಹಾಕಿ ಗಣಿತಜ್ಞರ ಬಡತನ, ಹುಚ್ಚು, ಜಗಳಗಳನ್ನಷ್ಟೇ ಬಡಿಸುವುದು ನನಗೆ ಸ್ವಲ್ಪ ಅವಮಾನವೆನಿಸುತ್ತದೆ.

ಈ ವಿಷಯದಲ್ಲಿ 1150ರ ಭಾಸ್ಕರಾಚಾರ್ಯರೇ ಧೈರ್ಯವಂತರು. ಲೀಲಾವತಿಯ ಒಂದು ಲೆಕ್ಕದಲ್ಲಿ ದುಂಬಿಗಳ ಹಿಂಡಿನ ಐದನೆಯ ಒಂದು ಭಾಗ ಕದಂಬಕ್ಕೂ ಮೂರನೆಯ ಒಂದು ಭಾಗ ಶಿಲೀಂಧ್ರ ಪುಷ್ಪಕ್ಕೂ ಹೋಗುತ್ತದೆ; ಆ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹಾರುತ್ತದೆ; ಉಳಿದ ಒಂದೇ ದುಂಬಿ ಕೇದಗೆ, ಮಾಲತಿಗಳ ಪರಿಮಳದ ನಡುವೆ ಅಲೆಯುತ್ತಿರುತ್ತದೆ. ಒಟ್ಟು ದುಂಬಿಗಳೆಷ್ಟು?

"ಲೆಕ್ಕ ನನಗೆ ಹತ್ತುವುದಿಲ್ಲ" ಎನ್ನುವ ಭಾವ, ಐವತ್ತು ಕಿಲೋ ಚೆರ್ರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಎಷ್ಟು ಕಿಲೋ ಕಾಫಿ ಬೇಳೆ ಬೀಳುತ್ತದೆಂದು ನೋಡಿ, ಆ ಔಟ್‌ಟರ್ನ್ ಮೇಲೆ ಮೂಟೆಯ ಬೆಲೆಯನ್ನು ನಿಂತಲ್ಲೇ ಹೇಳಬಲ್ಲವರು. ಗೊಬ್ಬರದ ಬಿಲ್ಲಿನ ಹಿಂಬದಿಯನ್ನು ಅವರ ಮುಂದಿಟ್ಟೆ. ಅವರು ಅದರ ಮೇಲೆ ಏನನ್ನೂ ಬರೆಯದೆ, "ದುಂಬಿಯನ್ನು ತುಂಡು ಮಾಡುವ ಹಾಗಿಲ್ಲವಲ್ಲ, ಐದರಿಂದಲೂ ಮೂರರಿಂದಲೂ ಭಾಗವಾಗಬೇಕು, ಹದಿನೈದು ಹಿಡಿ" ಎಂದರು. ಮೂರು, ಐದು, ಆರು, ಒಂದು. "ಸಾಲದಿದ್ದರೆ ಮೂವತ್ತು ನೋಡುತ್ತಿದ್ದೆ" ಎಂದು ಎದ್ದು ಕೈ ತೊಳೆಯಲು ಹೋದರು.