ಯುನಿಕ್ಸ್ ವಿ7 ಕ್ರ್ಯಾಶ್ ಡಂಪನ್ನು ಟೇಪಿಗೆ ಇಳಿಸುವುದು: ಕೆಲಸ ಎಲ್ಲಿಗೆ ಬಂತು

ಗುರಿ ಇಷ್ಟು: ಪಿಡಿಪಿ-11/45 ಎಂಬ ಹಳೆಯ ಕಂಪ್ಯೂಟರಿನ ಮೇಲೆ ಓಡುವ ಏಳನೇ ಆವೃತ್ತಿಯ ಯುನಿಕ್ಸ್ (1979) ಬಿದ್ದಾಗ ಇಡೀ ಮೆಮೊರಿಯನ್ನು ಟೇಪಿಗೆ ಬರೆಸಬೇಕು (ಕ್ರ್ಯಾಶ್ ಡಂಪ್ ಎಂದರೆ ಇದೇ), ಮತ್ತೆ ಬೂಟ್ ಮಾಡಬೇಕು, ಬಿದ್ದ ಕಾರಣವನ್ನು ಆ ಟೇಪಿನಿಂದಲೇ ಓದಬೇಕು. ಯಂತ್ರ ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ಸಿಮ್‌ಎಚ್ ಸಿಮ್ಯುಲೇಟರಿನದು, ಟೇಪ್ ಕಂಟ್ರೋಲರ್ ಟಿಎಂ11. ಕಾಲ್ಡೆರಾ ಕಂಪನಿ 2002ರ ಜನವರಿಯಲ್ಲಿ ಹಳೆಯ ಯುನಿಕ್ಸ್‌ಗಳಿಗೆ ಮುಕ್ತ ಪರವಾನಗಿ ಕೊಟ್ಟಿರುವುದರಿಂದ ಮೂಲ ಕೋಡ್ ಕೈಯಲ್ಲಿಟ್ಟುಕೊಂಡೇ ಕೆಲಸ ಮಾಡಬಹುದು. ಕೆಳಗೆ ಬರುವ ವಿಳಾಸ, ರಿಜಿಸ್ಟರ್ ಮತ್ತು ಟ್ರ್ಯಾಪ್ ಟೈಪ್ ಬೆಲೆಗಳೆಲ್ಲ ಆಕ್ಟಲ್ (ಎಂಟರ ಆಧಾರದ ಸಂಖ್ಯೆ). ಗಾತ್ರ ಮತ್ತು ಎಣಿಕೆ ಮಾಮೂಲಿ ದಶಮಾನ.

ವಿ7ರಲ್ಲಿ ಡಂಪ್ ತಾನಾಗಿ ಆಗುವುದಿಲ್ಲ. ಪ್ಯಾನಿಕ್ ಆದಾಗ, ಅಂದರೆ ಸರಿಪಡಿಸಲಾಗದ ದೋಷ ಸಿಕ್ಕಾಗ, ಕರ್ನಲ್ (ಯುನಿಕ್ಸಿನ ತಿರುಳು) ಅಪ್‌ಡೇಟ್ ಫಂಕ್ಷನ್ ಕರೆದು ಡಿಸ್ಕ್ ಬಫರುಗಳನ್ನು ಬರೆಯುತ್ತದೆ, ಕನ್ಸೋಲಿನಲ್ಲಿ ಒಂದು ಸಾಲು ಮುದ್ರಿಸುತ್ತದೆ, ಆಮೇಲೆ ಐಡಲ್ ಎಂಬ ಕಾಯುವ ಫಂಕ್ಷನ್ನಿನಲ್ಲಿ ಕೊನೆಯಿಲ್ಲದೆ ಸುತ್ತುತ್ತದೆ. ಮುಂದಿನದೆಲ್ಲ ಆಪರೇಟರ್ ಕೈಯಲ್ಲಿ. ಬಿಎಸ್‌ಡಿ (ಬರ್ಕ್ಲಿಯ ಯುನಿಕ್ಸ್) ಬಳಗ ಡಂಪನ್ನು ಡಿಸ್ಕಿನ ಸ್ವ್ಯಾಪ್ ಜಾಗಕ್ಕೆ ಬರೆದು ಬೂಟ್ ಹೊತ್ತಿಗೆ ಅದನ್ನು ಕಡತಕ್ಕೆ ಇಳಿಸುವ ಸೇವ್‌ಕೋರ್ ಓಡಿಸುವ ಪದ್ಧತಿ ತಂದದ್ದರ ಗುಣ ಇಲ್ಲಿ ಕೂತರೆ ತಿಳಿಯುತ್ತದೆ.

ಕರ್ನಲ್ ಕಟ್ಟುವುದು (ಮುಗಿದಿದೆ)

ಡಂಪ್ ಕೋಡ್ ಎಂಸಿಎಚ್.ಎಸ್ ಕಡತದಲ್ಲಿದೆ, ಆದರೆ ಷರತ್ತಿನ ಮೇಲೆ ಮಾತ್ರ ಕರ್ನಲ್ ಸೇರುತ್ತದೆ. /ಯುಎಸ್‌ಆರ್/ಸಿಸ್/ಕಾನ್ಫ್‌ನಲ್ಲಿ ಕರ್ನಲ್ ಹೊಂದಿಸುವ ಎಂಕೆಕಾನ್ಫ್ ಪ್ರೋಗ್ರಾಂಗೆ ಕೊಡುವ ಸಾಧನಗಳ ಪಟ್ಟಿಗೆ ಟಿಎಂ ಸಾಲು ಹಾಕಿ, ಅದು ಬರೆದು ಕೊಟ್ಟ ಎಂಸಿಎಚ್0.ಎಸ್ ತೆರೆದು ನೋಡಿ. ಟಿಯುಡಂಪ್ (ಟಿಎಂ11 ಟೇಪಿಗೆ ಡಂಪ್) 1 ಆಗಿರಬೇಕು, ಎಚ್‌ಟಿಡಂಪ್ (ಮಾಸ್‌ಬಸ್ ಎಂಬ ಬೇರೆ ಬಗೆಯ ಟೇಪಿಗೆ ಡಂಪ್) 0 ಆಗಿರಬೇಕು. ಎರಡೂ 0 ಆಗಿದ್ದರೂ ಕರ್ನಲ್ ತಕರಾರಿಲ್ಲದೆ ಕಟ್ಟಿಕೊಳ್ಳುತ್ತದೆ, ಬೂಟ್ ಆಗುತ್ತದೆ, ಬಿದ್ದ ದಿನ ಮಾತ್ರ ಟೇಪಿಗೆ ಒಂದು ಬೈಟೂ ಹೋಗುವುದಿಲ್ಲ. ಮೊದಲು ನೋಡಬೇಕಾದ ಜಾಗ ಇದೇ.

ಟೇಪನ್ನು ಓದಲು ಸಾಧನ ಕಡತಗಳು ಬೇಕು: /ಡೆವ್/ಎಂಟಿ0 (ಬ್ಲಾಕ್, ಮೇಜರ್ 3, ಮೈನರ್ 0) ಮತ್ತು /ಡೆವ್/ಆರ್‌ಎಂಟಿ0 (ಕ್ಯಾರೆಕ್ಟರ್, ಮೇಜರ್ 12, ಮೈನರ್ 0). ಸಂಖ್ಯೆಗಳನ್ನು ನಿಮ್ಮ ಸಿ.ಸಿ ಕಡತದ ಕೋಷ್ಟಕದ ಜೊತೆ ಹೊಂದಿಸಿ ನೋಡಿಕೊಳ್ಳುವುದು ಲೇಸು. ಡ್ರೈವರ್ ಸಾಲುಗಳನ್ನು ಯಾರಾದರೂ ಹಿಂದೆಮುಂದೆ ಮಾಡಿದ್ದರೆ ಇವೂ ಬದಲಾಗುತ್ತವೆ.

ಮೆಮೊರಿ 192 ಕೆಬಿ ಇಟ್ಟಿದೆ, ಅದೂ ಬೇಕೆಂದೇ. ಡಂಪ್ ಕೋಡ್ 512 ಬೈಟಿನ ರೆಕಾರ್ಡುಗಳಾಗಿ ಬರೆಯುತ್ತದೆ: 1,96,608 ಬೈಟ್ ಅಂದರೆ ಸರಿಯಾಗಿ 384 ರೆಕಾರ್ಡ್. ಈ ಅಂಕಿ ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಟೇಪ್ ಹಾಕುವುದು

ಹೊಸ, ಖಾಲಿ ಟೇಪ್ ಕಡತವನ್ನೇ ಅಟ್ಯಾಚ್ ಮಾಡಿ. ಡಂಪ್ ಕೋಡ್ ಟೇಪನ್ನು ರಿವೈಂಡ್ ಮಾಡುವುದಿಲ್ಲ. ತಲೆ ಎಲ್ಲಿ ನಿಂತಿದೆಯೋ ಅಲ್ಲಿಂದ ಬರೆಯುತ್ತದೆ. ಟಾರ್ (ಕಡತಗಳನ್ನು ಟೇಪಿಗೆ ಬರೆಯುವ ಕಮಾಂಡ್) ಓಡಿಸಿ ಅರ್ಧದಲ್ಲಿ ಬಿಟ್ಟ ಟೇಪ್ ಸಿಕ್ಕಿಕೊಂಡಿದ್ದರೆ ಡಂಪ್ ಅದರ ನಡುವೆ ಹೋಗಿ ಕೂರುತ್ತದೆ. ಡಿಟ್ಯಾಚ್ ಮಾಡಿ ಮತ್ತೆ ಅಟ್ಯಾಚ್ ಮಾಡಿದರೆ ತಲೆ ಶುರುವಿಗೆ ಬರುತ್ತದೆ. ಬರಹ ಲಾಕ್ ಆಗಿಲ್ಲವೆಂದೂ ಖಚಿತ ಮಾಡಿಕೊಳ್ಳಿ. ನಿಜವಾದ ರೀಲಿನಲ್ಲಾದರೆ ಹಿಂಬದಿಯ ಪ್ಲಾಸ್ಟಿಕ್ ಉಂಗುರ ಇರಲೇಬೇಕು, ಇಲ್ಲದಿದ್ದರೆ ಡ್ರೈವ್ ಬರೆಯುವುದಿಲ್ಲ.

ನಿಜವಾದ ರೀಲಿನ ಲೆಕ್ಕ ಇದು: ಇಂಚಿಗೆ 800 ಬೈಟ್ ಸಾಂದ್ರತೆಯಲ್ಲಿ 512 ಬೈಟಿಗೆ 0.64 ಇಂಚು, ರೆಕಾರ್ಡುಗಳ ನಡುವಿನ ಖಾಲಿ ಜಾಗ ಸುಮಾರು 0.6 ಇಂಚು. 384 ರೆಕಾರ್ಡಿಗೆ 40 ಅಡಿ ಹತ್ತಿರ. ಅರ್ಧದಷ್ಟು ಟೇಪ್ ಖಾಲಿ ಜಾಗಕ್ಕೇ ಹೋಯಿತು, ಆದರೂ 2,400 ಅಡಿ ರೀಲಿಗೆ ಇದು ಏನೂ ಅಲ್ಲ.

ಬೇಕೆಂದೇ ಬೀಳಿಸುವುದು

ಕಂಟ್ರೋಲ್-ಇ ಒತ್ತಿ ಸಿಮ್ಯುಲೇಟರ್ ನಿಲ್ಲಿಸಿ, ಮೊದಲು ಪಿಎಸ್‌ಡಬ್ಲ್ಯೂ (ಪ್ರೊಸೆಸರಿನ ಸ್ಥಿತಿ ಹೇಳುವ ರಿಜಿಸ್ಟರ್) ನೋಡಿ. ಮೇಲಿನ ಎರಡು ಬಿಟ್ 00 ಇದ್ದರೆ ಕರ್ನಲ್ ಮೋಡ್. ಶೆಲ್ ಸುಮ್ಮನೆ ಕೂತಿರುವಾಗ ಸಾಮಾನ್ಯವಾಗಿ ಹಾಗೇ ಇರುತ್ತದೆ, ಏಕೆಂದರೆ ಪ್ರೊಸೆಸರ್ ಐಡಲ್‌ನ ವೇಟ್ ಸೂಚನೆಯಲ್ಲಿ ನಿಂತಿರುತ್ತದೆ. ಆಗ ಪಿಸಿಗೆ (ಮುಂದಿನ ಸೂಚನೆಯ ವಿಳಾಸ ಇರುವ ರಿಜಿಸ್ಟರ್) ಬೆಸ ಸಂಖ್ಯೆ, ಉದಾಹರಣೆಗೆ 1, ತುಂಬಿ ಕಂಟಿನ್ಯೂ ಕೊಡಿ. ಬೆಸ ವಿಳಾಸದಿಂದ ಸೂಚನೆ ತರಲು ಹೋದ ತಕ್ಷಣ ಬಸ್ ದೋಷ. ಕನ್ಸೋಲಿನಲ್ಲಿ ಕೆಎ6, ಎಪಿಎಸ್, ಪಿಸಿ, ಪಿಎಸ್ ಬೆಲೆಗಳು, ಟ್ರ್ಯಾಪ್ ಟೈಪ್ (ದೋಷದ ಬಗೆಯ ಸಂಖ್ಯೆ) 0, ಕೊನೆಗೆ ‘ಪ್ಯಾನಿಕ್: ಟ್ರ್ಯಾಪ್’ ಬರುತ್ತವೆ. ಯೂಸರ್ ಮೋಡಿನಲ್ಲಿ ಇದನ್ನೇ ಮಾಡಿದರೆ ಆ ಪ್ರೋಗ್ರಾಂ ಒಂದೇ ಸಾಯುತ್ತದೆ, ಸಿಸ್ಟಮ್ ಆರಾಮಾಗಿ ಮುಂದೆ ಹೋಗುತ್ತದೆ.

ಟ್ರ್ಯಾಪ್ ಟೈಪಿನ ಅರ್ಥ ಗೋಡೆಗೆ ಅಂಟಿಸಿಟ್ಟರೆ ಒಳ್ಳೆಯದು: 0 ಬಸ್ ದೋಷ, 1 ಅಕ್ರಮ ಸೂಚನೆ, 4 ವಿದ್ಯುತ್ ಕಡಿತ, 11 ಸೆಗ್ಮೆಂಟ್ ಉಲ್ಲಂಘನೆ. ಅದಕ್ಕೆ 20 ಕೂಡಿಕೊಂಡು ಬಂದರೆ ಟ್ರ್ಯಾಪ್ ಆದಾಗ ಪ್ರೊಸೆಸರ್ ಯೂಸರ್ ಮೋಡಿನಲ್ಲಿತ್ತು ಎಂದರ್ಥ. ಕನ್ಸೋಲ್ ಸಾಲುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಟೇಪ್ ಕೈಕೊಟ್ಟರೆ ಉಳಿಯುವುದು ಅಷ್ಟೇ.

ವಿಳಾಸ 44

ಲೋ ಕೋರಿನಲ್ಲಿ (ಮೆಮೊರಿಯ ಶುರುವಿನ ಭಾಗ) 40ನೇ ವಿಳಾಸದಲ್ಲಿ ಸ್ಟಾರ್ಟ್‌ಗೆ ಜಂಪ್, 44ರಲ್ಲಿ ಡಂಪ್‌ಗೆ ಜಂಪ್ ಇದೆ. ಸಿಮ್‌ಎಚ್‌ನಲ್ಲಿ ಕೊಡಬೇಕಾದ್ದು ‘ರನ್ 44’. ‘ಗೋ 44’ ಕೊಡಬಾರದು. ಹೆಚ್ಚು ಜನ ಎಡವುವುದು ಇಲ್ಲೇ. ರನ್ ಮೊದಲು ಸಾಧನಗಳನ್ನು ರೀಸೆಟ್ ಮಾಡುತ್ತದೆ, ಅದರ ಜೊತೆಗೆ ಮೆಮೊರಿ ಮ್ಯಾನೇಜ್‌ಮೆಂಟ್ (ವರ್ಚುವಲ್ ವಿಳಾಸವನ್ನು ಭೌತಿಕ ವಿಳಾಸಕ್ಕೆ ತಿರುಗಿಸುವ ಭಾಗ) ಆಫ್ ಆಗುತ್ತದೆ. ಗೋ ಅದನ್ನು ಹಾಗೇ ಬಿಡುತ್ತದೆ. ಮ್ಯಾನೇಜ್‌ಮೆಂಟ್ ಆನ್ ಇರುವಾಗ ವರ್ಚುವಲ್ 44 ಎಂಬುದು ಭೌತಿಕ 44 ಆಗಿರಬೇಕೆಂದಿಲ್ಲ. ಆಗಿದ್ದರೂ ಡಂಪ್ ಕೋಡಿನ ಮೊದಲ ಎರಡು ಸೂಚನೆಗಳು ಎಸ್‌ಎಸ್‌ಆರ್0 ರಿಜಿಸ್ಟರಿನ ಬಿಟ್ 0 (ಮ್ಯಾನೇಜ್‌ಮೆಂಟ್ ಆನ್ ಇದೆಯೆಂಬ ಗುರುತು) ನೋಡಿ, ಅದು 1 ಇರುವ ತನಕ ಅಲ್ಲೇ ಸುತ್ತುತ್ತವೆ. ನಿಜವಾದ ಫಲಕದಲ್ಲಾದರೆ ಹಾಲ್ಟ್, ವಿಳಾಸ 44 ಲೋಡ್, ಆಮೇಲೆ ಸ್ಟಾರ್ಟ್. ಕಂಟಿನ್ಯೂ ಸ್ವಿಚ್ಚಿನಿಂದ ಈ ಕೆಲಸ ಆಗದು.

ಮುಂದೆ ಕೋಡ್ ಮಾಡುವುದಿಷ್ಟು. ಆರ್0ರಿಂದ ಆರ್5, ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್), ಕೆಡಿಎಸ್‌ಎ6 (ಪ್ರೋಸೆಸ್‌ನ ಕರ್ನಲ್ ಸ್ಟ್ಯಾಕ್ ಮೆಮೊರಿಯಲ್ಲಿ ಎಲ್ಲಿದೆಯೆಂದು ಹೇಳುವ ರಿಜಿಸ್ಟರ್) ಎಂಬ ಎಂಟು ಬೆಲೆಗಳನ್ನು ವಿಳಾಸ 4ರಿಂದ 22ರವರೆಗೆ ಬರೆಯುತ್ತದೆ. ಬಸ್ ದೋಷ, ಅಕ್ರಮ ಸೂಚನೆ, ಬಿಪಿಟಿ, ಐಓಟಿ ಈ ನಾಲ್ಕು ಟ್ರ್ಯಾಪ್ ವೆಕ್ಟರುಗಳ ಮೇಲೆಯೇ ಬರೆಯುವುದರಿಂದ ಆ ಕರ್ನಲನ್ನು ಮತ್ತೆ ಮುಂದುವರಿಸುವ ಮಾತೇ ಇಲ್ಲ. ಆಮೇಲೆ ವಿಳಾಸ 0ರಿಂದ 512 ಬೈಟ್, 512 ಬೈಟ್ ಎಂದು ಟೇಪಿಗೆ ತಳ್ಳುತ್ತಾ ಹೋಗುತ್ತದೆ, ದೋಷದ ಬಿಟ್ ಏಳುವ ತನಕ. ಎದ್ದಾಗ ಟೇಪ್ ಮಾರ್ಕ್ (ಬರಹ ಮುಗಿಯಿತೆಂಬ ಗುರುತು) ಬರೆದು, ತನಗೆ ತಾನೇ ಜಂಪ್ ಮಾಡುತ್ತಾ ನಿಲ್ಲುತ್ತದೆ. ಮುಗಿಯಿತೆಂಬ ಸಂದೇಶ ಇಲ್ಲ. ಕಂಟ್ರೋಲ್-ಇ ಒತ್ತಿ ನೋಡಿದಾಗ ಪಿಸಿ ಅದೇ ಜಾಗದಲ್ಲಿದ್ದರೆ ಮುಗಿದಿದೆ.

ಈ ವಿನ್ಯಾಸದ ಜಾಣತನವೂ ಅಪಾಯವೂ ಒಂದೇ ಜಾಗದಲ್ಲಿವೆ. ಮೆಮೊರಿ ಎಷ್ಟಿದೆ ಎಂದು ಕೋಡಿಗೆ ಗೊತ್ತಿಲ್ಲ. ಇಲ್ಲದ ವಿಳಾಸ ಮುಟ್ಟಿದಾಗ ಬರುವ ದೋಷವೇ ಅದಕ್ಕೆ ಕೊನೆಯ ಗುರುತು. ಆದರೆ ಟೇಪ್ ಕೊಳೆಯಾಗಿದ್ದರೂ, ಡ್ರೈವ್ ಆಫ್‌ಲೈನ್ ಆದರೂ, ಉಂಗುರ ಇಲ್ಲದಿದ್ದರೂ ಏಳುವುದು ಅದೇ ದೋಷದ ಬಿಟ್. ಎಲ್ಲವೂ ‘ಮೆಮೊರಿ ಮುಗಿಯಿತು’ ಎಂದೇ ಲೆಕ್ಕ. ಆದ್ದರಿಂದ ಎಣಿಸದ ಡಂಪನ್ನು ನಂಬುವ ಹಾಗಿಲ್ಲ.

ಎಣಿಕೆ

ಮೊದಲು ಡಿಟ್ಯಾಚ್ ಮಾಡಿ, ಇಲ್ಲದಿದ್ದರೆ ಹೋಸ್ಟ್ ಯಂತ್ರದ (ಸಿಮ್ಯುಲೇಟರ್ ಓಡುತ್ತಿರುವ ಕಂಪ್ಯೂಟರ್) ಬಫರಿನಲ್ಲಿ ಉಳಿದದ್ದು ಕಡತಕ್ಕೆ ಇಳಿದಿರುವುದಿಲ್ಲ. ಸಿಮ್‌ಎಚ್ ಟೇಪ್ ಕಡತದಲ್ಲಿ ಪ್ರತಿ ರೆಕಾರ್ಡಿನ ಹಿಂದೆ ಮುಂದೆ ಉದ್ದ ಹೇಳುವ 4 ಬೈಟ್ ಇರುತ್ತವೆ, ಟೇಪ್ ಮಾರ್ಕ್ ಎಂದರೆ 4 ಸೊನ್ನೆ ಬೈಟ್. 384 × 520 + 4 = 1,99,684. ಕಡತದ ಗಾತ್ರ ಇದಕ್ಕಿಂತ ಕಡಿಮೆ ಇದ್ದರೆ ಡಂಪ್ ಅರ್ಧಂಬರ್ಧ. ಮೊದಲ ನಾಲ್ಕು ಬೈಟ್ ಹೆಕ್ಸ್‌ನಲ್ಲಿ 00 02 00 00 ಇರಬೇಕು.

ಗಾತ್ರ ಕಡಿಮೆ ಬಂದರೆ ಬೇರೆ ಟೇಪ್ ಹಾಕಿ ಮತ್ತೆ ‘ರನ್ 44’ ಕೊಡಬಹುದು. ಡಂಪ್ ಕೋಡ್ ಆರ್0ವನ್ನು ಬಳಸಿಕೊಂಡಿರುವುದರಿಂದ ಅದರ ಹಳೆಯ ಬೆಲೆ ಎರಡನೇ ಸಲಕ್ಕೆ ಸಿಗುವುದಿಲ್ಲ. ಆರ್5 ಮತ್ತು ಎಸ್‌ಪಿ ಉಳಿದಿರುತ್ತವೆ, ಸ್ಟ್ಯಾಕ್ ಓದಲು ಅವೇ ಮುಖ್ಯ.

ಓದುವುದು

ಟೇಪ್ ಕಡತವನ್ನು ಹೋಸ್ಟ್‌ನಲ್ಲಿ ನಕಲು ಮಾಡಿಟ್ಟು, ಓದಲು ಮಾತ್ರ ಎಂದು ಅಟ್ಯಾಚ್ ಮಾಡಿ ಬೂಟ್ ಮಾಡಿ. ಸಿಂಗಲ್ ಯೂಸರ್‌ನಲ್ಲಿ ಡಿಸ್ಕಿನ ಕಡತ ವ್ಯವಸ್ಥೆ ಪರೀಕ್ಷಿಸುವ ಐಚೆಕ್, ಡಿಚೆಕ್ ಮೊದಲು. ಆಮೇಲೆ ನಕಲು ಮಾಡುವ ಡಿಡಿ ಕಮಾಂಡ್: ಇನ್‌ಪುಟ್ /ಡೆವ್/ಆರ್‌ಎಂಟಿ0, ಔಟ್‌ಪುಟ್ /ಯುಎಸ್‌ಆರ್/ಸಿಸ್/ಕೋರ್, ಬ್ಲಾಕ್ ಗಾತ್ರ 512. ಕೊನೆಗೆ 384+0 ಎಂದು ಎರಡು ಸಲ ಬರಬೇಕು. ಹೆಸರು ಅದೇ ಇರಲಿ. ಪ್ರೋಸೆಸ್ ಪಟ್ಟಿ ತೋರಿಸುವ ಪಿಎಸ್ ಕಮಾಂಡಿಗೆ ಕೆ ಆಯ್ಕೆ ಕೊಟ್ಟಾಗ ಅದು ಹುಡುಕುವುದು ಆ ಹೆಸರಿನ ಕಡತವನ್ನೇ.

ಕಡತವನ್ನು ಆಕ್ಟಲ್‌ನಲ್ಲಿ ತೋರಿಸುವ ‘ಓಡಿ’ ಕಮಾಂಡ್ ಹಾಕಿದಾಗ ಮೊದಲ ಸಾಲು 000417 000004 ಎಂದು ಶುರುವಾಗಬೇಕು. ಮೊದಲನೆಯದು 0ರಿಂದ 40ಕ್ಕೆ ಹಾರುವ ಬ್ರ್ಯಾಂಚ್, ಎರಡನೆಯದು ಅದರ ಪಕ್ಕದ 4. ಬೇರೇನಾದರೂ ಕಂಡರೆ ಟೇಪ್ ಶುರುವಿನಿಂದ ಬರೆದಿಲ್ಲ. ಅದೇ ಸಾಲಿನ ಮೂರನೆಯದರಿಂದ ಎಂಟನೆಯವರೆಗಿನ ಪದಗಳು ಆರ್0ರಿಂದ ಆರ್5. ಎರಡನೇ ಸಾಲಿನ ಮೊದಲ ಪದ ಎಸ್‌ಪಿ, ಮುಂದಿನದು ಕೆಡಿಎಸ್‌ಎ6.

ಪ್ರೋಸೆಸ್‌ನ ಯೂಸರ್ ಭಾಗ ಮತ್ತು ಕರ್ನಲ್ ಸ್ಟ್ಯಾಕ್ ವರ್ಚುವಲ್ 140000ದಲ್ಲಿ ಇರುತ್ತವೆ. ಕಡತದಲ್ಲಿ ಜಾಗ ಹುಡುಕಲು: ಕೆಡಿಎಸ್‌ಎ6 ಗುಣಿಸು 100 (ಇದೂ ಆಕ್ಟಲ್), ಅದಕ್ಕೆ ವಿಳಾಸದಿಂದ 140000 ಕಳೆದದ್ದು ಕೂಡಿಸು. ಕೆಡಿಎಸ್‌ಎ6 1234, ಆರ್5 141732 ಎಂದಿಟ್ಟುಕೊಂಡರೆ 123400 + 1732 = 125332. ಆ ಜಾಗದ ಪದ ಹಿಂದಿನ ಆರ್5, ಅದರ ಮುಂದಿನ ಪದ ಮರಳುವ ಪಿಸಿ, ಅಲ್ಲಿಂದಾಚೆ ಫಂಕ್ಷನ್ನಿನ ಆರ್ಗ್ಯುಮೆಂಟುಗಳು. ಹಿಂದಿನ ಆರ್5 ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಪಿಸಿಗಳನ್ನು ಕರ್ನಲಿನ ಹೆಸರು-ವಿಳಾಸಗಳನ್ನು ಕೊಡುವ ಎನ್‌ಎಂ -ಎನ್ ಪಟ್ಟಿಯ ಟೆಕ್ಸ್ಟ್ ಹೆಸರುಗಳ ಜೊತೆ ಹೊಂದಿಸಿ. ಟ್ರ್ಯಾಪ್ ಹೆಸರು ಸಿಕ್ಕರೆ ಸರಣಿ ಸರಿಯಿದೆ. ಪಟ್ಟಿ ಬಿದ್ದ ಕರ್ನಲಿನದ್ದೇ ಆಗಿರಬೇಕು; ನಡುವೆ ಮತ್ತೆ ಕಟ್ಟಿದ ಕರ್ನಲಿನದಾದರೆ ಹೆಸರುಗಳು ಸುಳ್ಳು ಹೇಳುತ್ತವೆ, ಅದೂ ನಂಬುವಂತೆ.

ಪಿಎಸ್ ಎಎಲ್‌ಎಕ್ಸ್‌ಕೆ ಪ್ರೋಸೆಸ್ ಪಟ್ಟಿ ಕೊಡುತ್ತದೆ. ಸ್ವ್ಯಾಪ್‌ಗೆ ಹೋಗಿದ್ದ ಪ್ರೋಸೆಸ್‌ಗಳ ಕಮಾಂಡ್ ಹೆಸರನ್ನು ಅದು ಈಗಿನ ಸ್ವ್ಯಾಪ್‌ನಿಂದ ಓದುವುದರಿಂದ, ಬೂಟ್ ಆದ ಮೇಲೆ ಆ ಕಾಲಂ ನಂಬಬೇಡಿ.

ಬಾಕಿ

ಇದೇ ಬಳಗದ ದೊಡ್ಡ ಯಂತ್ರ ಪಿಡಿಪಿ-11/70 ಇನ್ನೂ ಮುಟ್ಟಿಲ್ಲ. ಟಿಎಂ11ಗೆ 18 ಬಿಟ್ ವಿಳಾಸ ಮಾತ್ರ, ರೀಸೆಟ್ ಆದಾಗ ಸಾಧನಗಳ ವಿಳಾಸವನ್ನು ದೊಡ್ಡ ಮೆಮೊರಿಗೆ ಹೊಂದಿಸುವ ಯುನಿಬಸ್ ಮ್ಯಾಪ್ ಕೂಡ ಆಫ್. 248 ಕೆಬಿ ಮೀರಿದ ಮೆಮೊರಿ ಈ ದಾರಿಯಲ್ಲಿ ಟೇಪಿಗೆ ಬರುವುದಿಲ್ಲ. ಅಲ್ಲಿ ಮಾಸ್‌ಬಸ್ ಟೇಪ್ ಮತ್ತು ಎಚ್‌ಟಿಡಂಪ್ ಬೇಕು. ಅದಕ್ಕೂ ಮೊದಲು, ಟೇಪ್ ಕಡತದ ಉದ್ದದ ಬೈಟುಗಳನ್ನು ಕಿತ್ತು ಹೋಸ್ಟ್‌ನಲ್ಲೇ ಸ್ಟ್ಯಾಕ್ ಸರಣಿ ಮುದ್ರಿಸುವ ಚಿಕ್ಕ ಸಿ ಪ್ರೋಗ್ರಾಂ ಬರೆಯಬೇಕು.